ಶನಿವಾರದ ಫ್ಲಾಪಿ

ಶಕ್ತಿನಗರದಲ್ಲಿ ಆಗ ಹದಿನೇಳು ಕಂಪ್ಯೂಟರು.
ಹದಿನೇಳಕ್ಕೂ ಸೇರಿ ಒಂದೇ ಪಟ್ಟಿ,
ಎಡಕ್ಕೆ ಅಂಕಿ, ಬಲಕ್ಕೆ ಹೆಸರು.
ಬರೆಯುವವಳು ಶಮೀಮಾ ಬೇಗಂ,
ಹೊರುವವನು ನಾನು, ಹುಸೇನಪ್ಪ.
ಅಂಗಿ ಜೇಬಿನಲ್ಲಿ ಫ್ಲಾಪಿ,
ಹಾರುಬೂದಿ ತಾಕಿದರೆ ಓದುವುದಿಲ್ಲ ಅಂತ
ಅದಕ್ಕೊಂದು ಕರವಸ್ತ್ರ.

ಯಂತ್ರಕ್ಕೆ ಹೆಸರು ಬೇಕಿರಲಿಲ್ಲ,
ಅಂಕಿ ಸಾಕು: ನಾಲ್ಕು ತುಂಡು, ನಡುವೆ ಮೂರು ಚುಕ್ಕಿ.
ಹೆಸರು ಬೇಕಾದದ್ದು ಬಾಯ್ಲರಿನ ಕುಲಕರ್ಣಿಯವರಿಗೆ,
ಸ್ವಂತ ಮನೆಯ ನಂಬರೇ ನೆನಪಿಲ್ಲದವರಿಗೆ.
ಅವರು 'ಕೃಷ್ಣಾ' ಎಂದು ಒತ್ತಿದರೆ
ಯಂತ್ರ ತನ್ನ ಹೊಟ್ಟೆಯೊಳಗಿನ ಪಟ್ಟಿ ತೆರೆದು
ಉದ್ರಿ ಪುಸ್ತಕದಲ್ಲಿ ಸಾಹುಕಾರ ಬೆರಳಾಡಿಸಿದ ಹಾಗೆ
ಮೇಲಿನಿಂದ ಕೆಳಗೆ ಇಳಿದು
ಹೆಸರು ಸಿಕ್ಕಲ್ಲಿ ನಿಂತು
ಪಕ್ಕದ ಅಂಕಿಗೆ ಕೂಗು ಹಾಕುತ್ತಿತ್ತು.

ವಾರವಿಡೀ ಶಮೀಮಾಳ ಮೇಜಿಗೆ ಚೀಟಿ:
'ನಮ್ಮದು ಹೊಸದು ಬಂದೈತಿ, ಹೆಸರು ಹಚ್ಚ್ರಿ.'
'ನಮ್ಮದು ಮ್ಯಾಲಿನ ಮಹಡಿಗೆ ಹೋತು, ಅಂಕಿ ಬದಲಿ.'
ಶನಿವಾರ ನಾಲ್ಕಕ್ಕೆ ಪಟ್ಟಿ ಮುಚ್ಚುವಳು.
ಟರ್ಬೈನ್ ಹಾಲು, ನೀರಿನ ಲ್ಯಾಬು, ಸ್ಟೋರು,
ಕೊನೆಗೆ ಕಲ್ಲಿದ್ದಲ ಅಂಗಳ.
ಹದಿನೇಳು ಕಡೆ ಹದಿನೇಳು ಚಹಾ.

ಒಂದು ಶನಿವಾರ ಸೈಕಲ್ ಪಂಕ್ಚರು.
ಅಂಗಳಕ್ಕೆ ಸೋಮವಾರ ಹೋದರಾಯ್ತು ಅಂದುಕೊಂಡೆ.
ಭಾನುವಾರ ರಾತ್ರಿ ಮಾಪಣ್ಣ
ಕಂಟ್ರೋಲ್ ರೂಮಿಗೆ ಕಳಿಸಿದ ಲೆಕ್ಕ
ಹಳೆಯ ಅಂಕಿಗೆ ಹೋಯಿತು. ಅಲ್ಲಿ ಆಗಲೇ
ಕ್ಯಾಂಟೀನಿನ ಕಂಪ್ಯೂಟರು ಬಂದು ಕೂತಿತ್ತು.
ಬೆಳಿಗ್ಗೆ ಶರಣಮ್ಮ ಸೌಟು ಹಿಡಿದೇ ಬಂದಳು:
'ಮೂರು ಸಾವಿರದ ಆರುನೂರು ಟನ್ನು
ಏನು ಮಾಡ್ಲೆಪ್ಪ, ಉಪ್ಪಿಟ್ಟೇನು?'
ಎಲ್ಲರೂ ನಕ್ಕರು. ಶಮೀಮಾ ನಗಲಿಲ್ಲ.
'ಹಳೇ ಪಟ್ಟಿ ಸುಳ್ಳು ಹೇಳಂಗಿಲ್ಲ ಹುಸೇನಪ್ಪ,
ಹೋದ ವಾರದ ಖರೇ ಹೇಳತೈತಿ.'

ಆಮೇಲೆ ಹೊಸ ಘಟಕಗಳು. ಯಂತ್ರ ಅರವತ್ತು, ತೊಂಬತ್ತು.
ಎಲ್ಲರಿಗೂ 'ಕೃಷ್ಣಾ' ಬೇಕು,
ಹೊಳೆ ಎಲ್ಲರ ಕಿಟಕಿಯಲ್ಲೂ ಕಾಣುತ್ತದಲ್ಲ.
ಒಂದು ಪಟ್ಟಿಯಲ್ಲಿ ಎರಡು ಕೃಷ್ಣಾ ಹರಿಯುವುದಿಲ್ಲ.
'ತುಂಗಭದ್ರಾ ತಗೋರಿ' ಅಂದರೆ 'ಅದು ನಿಮಗೇ ಇರಲಿ.'
ನಾನು ಕೊನೆಯ ಯಂತ್ರ ಮುಟ್ಟುವ ಹೊತ್ತಿಗೆ
ಮೊದಲನೆಯದರ ಪಟ್ಟಿ ಹಳಸಿರುತ್ತಿತ್ತು.

ಆಗ ನಾನಂದೆ:
ಅಕ್ಕಾ, ನಮ್ಮೂರಾಗ ಹುಸೇನಪ್ಪ ಹನ್ನೊಂದು ಮಂದಿ.
ಬಂದವರು ಬಸ್‌ಸ್ಟ್ಯಾಂಡಿನ ಬೀಡಿ ಅಂಗಡಿಯಾಗ ಕೇಳ್ತಾರ.
'ನನಗ ಗೊತ್ತಿಲ್ಲ, ಗೊತ್ತಿದ್ದವರು ಗೊತ್ತು,
ಗಾಣಿಗೇರ ಓಣಿಗೆ ಹೋಗ್ರಿ' ಅಂತಾನ ಅವ.
ಓಣಿ ಬಾಯಾಗ ಕುಂತ ಮುದುಕಿ
'ನನಗೂ ಗೊತ್ತಿಲ್ಲ, ಬೇವಿನ ಗಿಡದ ಮನ್ಯಾಗ ಕೇಳ್ರಿ' ಅಂತಾಳ.
ಬೇವಿನ ಗಿಡದ ಮನ್ಯಾಕಿ ನನ್ನ ಹೇಂತಿ.
ಊರಿಗೊಂದು ಪಟ್ಟಿ ಯಾರೂ ಇಟ್ಟಿಲ್ಲ,
ಯಾರೂ ಕಳದೂ ಹೋಗಿಲ್ಲ.

ಅವಳು ಕನ್ನಡಕ ತೆಗೆದು ಒರೆಸಿದಳು.
'ಹೈದರಾಬಾದಿಂದ ಬಂದ ಪುಸ್ತಕದಾಗೂ
ಇದೇ ಬರದಾರ. ಮುನ್ನೂರು ಪುಟ.'

ಹೊಸ ಪದ್ಧತಿ ಬಂತು: ಯಂತ್ರ ಯಂತ್ರವನ್ನು ಕೇಳುವುದು,
ಅದು ಇನ್ನೊಂದರ ಕಡೆ ಕೈ ತೋರುವುದು.
ಫ್ಲಾಪಿ ನಿಂತಿತು. ನನಗೆ ಸ್ಟೋರಿನ ಗೇಟು ಕೊಟ್ಟರು.

ಕೊನೆಯ ಪಟ್ಟಿಯನ್ನು ಅಚ್ಚು ಹಾಕಿ ನನ್ನ ಕೈಗಿಟ್ಟಳು,
ಅಂಚಿನುದ್ದಕ್ಕೂ ತೂತಿದ್ದ ಕಾಗದ.
ಗುಜರಿಗೆ ಹೋದ ಯಂತ್ರಗಳ ಸಾಲನ್ನೂ ಅಳಿಸಿರಲಿಲ್ಲ,
ಪ್ರತಿಯೊಂದರ ಮುಂದೆ ಅಡ್ಡ ಎರಡು ಗೀಟು, ಉದ್ದ ಎರಡು.
'ಈ ಗುರುತು ಇದ್ದರ ಯಂತ್ರ ಓದಂಗಿಲ್ಲ.
ನಾವು ಓದಬಹುದು.'

ಮೊನ್ನೆ ರಾಯಚೂರಿನ ಜೆರಾಕ್ಸ್ ಅಂಗಡಿಯಲ್ಲಿ
ಯಲ್ಲನಗೌಡ ತನ್ನ ಕಂಪ್ಯೂಟರು ತೋರಿಸಿದ.
ಆ ಕಡತ ಇನ್ನೂ ಇದೆ. ಒಳಗೆ ಒಂದೇ ಸಾಲು,
ತನಗೆ ತಾನೇ ಇಟ್ಟುಕೊಂಡ ವಿಳಾಸ.
ಯಾರೂ ಕೇಳದಿದ್ದರೂ
'ಇಲ್ಲೇ ಇದ್ದೀನಿ' ಅಂತ.

ಹೆಂಡತಿಯ ಮೊಬೈಲ್ ನಂಬರು ನನಗೆ ಬಾಯಿಗೆ ಬಾರದು,
ಹೆಸರು ಒತ್ತಿದರೆ ಸಾಕು, ಹೋಗುತ್ತದೆ.
ಹದಿನಾಲ್ಕನೇ ಸಾಲು, ಕಲ್ಲಿದ್ದಲ ಅಂಗಳ,
ಅದು ಮಾತ್ರ ಚುಕ್ಕಿ ಸಮೇತ ನಾಲಿಗೆ ತುದಿಯಲ್ಲಿದೆ.
ಹೇಳಲೇನು?
ಅಲ್ಲಿ ಈಗ ಯಾರೂ ಓಗೊಡುವುದಿಲ್ಲ.